ಯೋಸೇಫರ ತಂದೆ ಯಾರು? ಎರಡು ವಂಶಾವಳಿಗಳ ಚರಿತ್ರೆ

ಕ್ರೈಸ್ತ ಸಹೋದರರೊಡನೆ ಧರ್ಮದ ವಿಷಯದಲ್ಲಿ ಮಾತು ಬೆಳೆದಾಗ ನಮ್ಮ ತರುಣರಲ್ಲಿ ಕೆಲವರು ಮೊಬೈಲ್ ಹೊರತೆಗೆದು ಒಂದು ಪಟ್ಟಿಯನ್ನು ಓದತೊಡಗುವುದನ್ನು ನಾವು ಕಂಡಿದ್ದೇವೆ. ಅದು ಬೈಬಲಿನ ವೈರುಧ್ಯಗಳ ಪಟ್ಟಿ. ಅದರ ಮೊದಲ ಸಾಲುಗಳಲ್ಲೇ ಸಾಮಾನ್ಯವಾಗಿ ಒಂದು ಪ್ರಶ್ನೆ ಇರುತ್ತದೆ: ಮರ್ಯಮರ ಪತಿಯೆಂದು ಸುವಾರ್ತೆಗಳು ಹೇಳುವ ಯೋಸೇಫರ ತಂದೆ ಯಾರು? ಮತ್ತಾಯನ ಪ್ರಕಾರ ಯಾಕೋಬ, ಲೂಕನ ಪ್ರಕಾರ ಹೇಲಿ. ಒಬ್ಬ ಮನುಷ್ಯನಿಗೆ ಇಬ್ಬರು ತಂದೆಯರು ಇರಲು ಸಾಧ್ಯವೇ? ಪ್ರಶ್ನೆ ಕೇಳಿದವನ ಮುಖದಲ್ಲಿ, ಈವರೆಗೆ ಯಾರ ಕಣ್ಣಿಗೂ ಬೀಳದ ಒಂದು ಬಿರುಕನ್ನು ತಾನು ಪತ್ತೆಹಚ್ಚಿದೆನೆಂಬ ತೃಪ್ತಿ ಕಾಣುತ್ತದೆ.

ವಾಸ್ತವದಲ್ಲಿ ಈ ಬಿರುಕು ಕನಿಷ್ಠ ಸಾವಿರದ ಎಂಟುನೂರು ವರ್ಷಗಳಿಂದ ಎಲ್ಲರಿಗೂ ಗೊತ್ತಿರುವಂಥದ್ದು. ಅದನ್ನು ಮೊದಲು ಗಮನಿಸಿ, ಅದರ ಬಗ್ಗೆ ತಲೆಕೆಡಿಸಿಕೊಂಡು ಬರೆದವರು ಸ್ವತಃ ಕ್ರೈಸ್ತರು. ಆಮೇಲೆ ರೋಮಿನ ಚಕ್ರವರ್ತಿಯೊಬ್ಬ ಅದನ್ನು ಕೇಳಿದ, ಮಾನಿ ಪಂಥದವರು ಕೇಳಿದರು, ಬಳಿಕ ನಮ್ಮ ವಿದ್ವಾಂಸರೂ ಕೇಳಿದರು. ಈ ಒಂದೇ ಪ್ರಶ್ನೆಯ ಬೆನ್ನುಹತ್ತಿ ಹೋದರೆ, ಒಂದು ಸಮುದಾಯ ತಾನು ಪವಿತ್ರವೆಂದು ನಂಬಿದ ಗ್ರಂಥದೊಳಗಿನ ತೊಡಕನ್ನು ಹೇಗೆ ಎದುರಿಸಿತು ಮತ್ತು ಹೊರಗಿನವರು ಆ ತೊಡಕನ್ನು ಹೇಗೆ ಬಳಸಿಕೊಂಡರು ಎಂಬುದು ಸ್ಪಷ್ಟವಾಗುತ್ತದೆ. ಈ ದಾರಿ ಕೊನೆಗೆ ನಮ್ಮದೇ ಗ್ರಂಥಭಂಡಾರದ ಬಾಗಿಲಿಗೆ ಬಂದು ನಿಲ್ಲುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ.

ಮೊದಲು ಮೂಲಪಾಠವನ್ನು ನೋಡೋಣ. ಮತ್ತಾಯನ ಸುವಾರ್ತೆ ವಂಶಾವಳಿಯಿಂದಲೇ ಆರಂಭವಾಗುತ್ತದೆ. ಅದು ಇಬ್ರಾಹೀಮ್(ಅ)ರಿಂದ ಕೆಳಗಿಳಿಯುತ್ತ ದಾವೂದ್(ಅ)ರನ್ನು ತಲುಪಿ, ಅಲ್ಲಿಂದ ಸುಲೈಮಾನ್(ಅ)ರ ಮೂಲಕ ಯೂದಾಯದ ಅರಸರ ಸಾಲನ್ನು ಹಿಡಿದು, ಬಾಬಿಲೋನಿನ ಸೆರೆಯನ್ನು ದಾಟಿ, ಎಲಿಯಾಜರ, ಮತ್ತಾನ, ಯಾಕೋಬ ಎಂದು ಸಾಗಿ ಯೋಸೇಫರಲ್ಲಿಗೆ ಬರುತ್ತದೆ. ಲೂಕನು ತನ್ನ ಮೂರನೆಯ ಅಧ್ಯಾಯದಲ್ಲಿ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತಾನೆ. ಯೇಸುವಿನಿಂದ ಮೇಲಕ್ಕೇರುತ್ತ ಯೋಸೇಫ, ಹೇಲಿ ಎಂದು ಆರಂಭಿಸಿ ದಾವೂದ್(ಅ)ರನ್ನು ಅವರ ಮತ್ತೊಬ್ಬ ಮಗ ನಾತಾನನ ಮೂಲಕ ತಲುಪಿ, ಇಬ್ರಾಹೀಮ್(ಅ)ರನ್ನೂ ದಾಟಿ ಆದಮ್(ಅ)ರವರೆಗೆ ಹೋಗುತ್ತಾನೆ. ದಾವೂದರಿಂದ ಯೇಸುವಿನವರೆಗೆ, ಇಬ್ಬರನ್ನೂ ಸೇರಿಸಿ ಎಣಿಸಿದರೆ, ಮತ್ತಾಯನಲ್ಲಿ 28 ಹೆಸರುಗಳು, ಲೂಕನಲ್ಲಿ 43. ಈ ಎರಡು ಸಾಲುಗಳು ನಡುವೆ ಒಮ್ಮೆ ಶೆಯಲ್ತಿಯೇಲ ಮತ್ತು ಜೆರುಬ್ಬಾಬೆಲ ಎಂಬ ಹೆಸರುಗಳಲ್ಲಿ ಕೂಡುತ್ತವೆ. ಆದರೆ ಅಲ್ಲಿಯೂ ಶೆಯಲ್ತಿಯೇಲನ ತಂದೆ ಒಂದರಲ್ಲಿ ಯೆಕೊನ್ಯ, ಇನ್ನೊಂದರಲ್ಲಿ ನೇರಿ. ಬಳಿಕ ಮತ್ತೆ ಬೇರೆಯಾಗಿ ಯೋಸೇಫರಲ್ಲಿ ಕೊನೆಗೊಳ್ಳುತ್ತವೆ.

ಮತ್ತಾಯನು ತನ್ನ ಪಟ್ಟಿಯನ್ನು ಹದಿನಾಲ್ಕು ತಲೆಮಾರುಗಳ ಮೂರು ಕಟ್ಟುಗಳೆಂದು ಹೇಳುತ್ತಾನೆ. ಅದಕ್ಕಾಗಿ ಯೋರಾಮ ಮತ್ತು ಉಜ್ಜೀಯರ ನಡುವಿನ ಮೂವರು ಅರಸರನ್ನು ಬಿಟ್ಟಿದ್ದಾನೆ. ಹಳೆಯ ಒಡಂಬಡಿಕೆಯ ಪೂರ್ವಕಾಲವೃತ್ತಾಂತದಲ್ಲಿ ಅವರ ಹೆಸರುಗಳಿವೆ. ಇಷ್ಟಾಗಿಯೂ ಕೊನೆಯ ಕಟ್ಟಿನಲ್ಲಿ ಯೆಕೊನ್ಯನನ್ನು ಎರಡನೆಯ ಬಾರಿ ಎಣಿಸದಿದ್ದರೆ ಹದಿಮೂರೇ ಸಿಗುತ್ತವೆ. ಹದಿನಾಲ್ಕೇ ಏಕೆ? ಹೀಬ್ರೂ ಅಕ್ಷರಗಳಿಗೆ ಸಂಖ್ಯೆಯ ಬೆಲೆಯಿದೆ. ದಾವೀದ ಎಂಬ ಹೆಸರಿನ ಮೂರು ಅಕ್ಷರಗಳ ಬೆಲೆ ನಾಲ್ಕು, ಆರು, ನಾಲ್ಕು, ಒಟ್ಟು ಹದಿನಾಲ್ಕು ಎಂದು ಇತ್ತೀಚಿನ ಹಲವು ಕ್ರೈಸ್ತ ವಿದ್ವಾಂಸರು ಉತ್ತರಿಸುತ್ತಾರೆ. ಅಂಗಡಿಯ ಫಲಕದ ಮೇಲೆ 786 ಎಂದು ಬರೆಯಿಸುವವರನ್ನು ಕಂಡಿರುವ ನಮ್ಮ ಓದುಗರಿಗೆ ಇಂಥ ಅಬ್ಜದ್ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂದರೆ ಮತ್ತಾಯನು ಗ್ರಾಮಲೆಕ್ಕಿಗನ ಹಾಗೆ ದಾಖಲೆ ಬರೆಯುತ್ತಿರಲಿಲ್ಲ. ಬರುವವನು ದಾವೂದರ ವಂಶದ ಅರಸನೆಂದು ಯಹೂದಿಗಳಿಗೆ ಅರ್ಥವಾಗುವ ರೀತಿಯಲ್ಲಿ ಘೋಷಿಸುತ್ತಿದ್ದ ಎಂದು ಅವರ ಅಭಿಪ್ರಾಯ.

ಈ ಭಿನ್ನತೆ ಆರಂಭದ ಕ್ರೈಸ್ತರನ್ನು ಕಾಡದೆ ಬಿಡಲಿಲ್ಲ. ಸುಮಾರು 170ರ ಹೊತ್ತಿಗೆ ತಾತಿಯಾನ್ ಎಂಬ ವಿದ್ವಾಂಸರು ನಾಲ್ಕು ಸುವಾರ್ತೆಗಳನ್ನು ಒಂದೇ ಕಥನವಾಗಿ ಹೆಣೆದರು. ಆ ಕೃತಿಗೆ ದಿಯಾತೆಸ್ಸರೋನ್ ಎಂದು ಹೆಸರು. ನಾಲ್ಕು ಮಾತುಗಳಿದ್ದಲ್ಲಿ ಒಂದೇ ಮಾತು ಉಳಿದರೆ ಭಿನ್ನತೆಯ ಪ್ರಶ್ನೆಯೇ ಏಳುವುದಿಲ್ಲವಷ್ಟೆ. ಸಿರಿಯಾಕ್ ಭಾಷೆಯ ಚರ್ಚುಗಳಲ್ಲಿ ಈ ಗ್ರಂಥ ತಲೆಮಾರುಗಳ ಕಾಲ ಓದಲ್ಪಟ್ಟಿತು. ಐದನೆಯ ಶತಮಾನದಲ್ಲಿ ಉತ್ತರ ಸಿರಿಯಾದ ಬಿಷಪ್ ಥಿಯೊಡೊರೆಟ್ ತಮ್ಮ ಪ್ರಾಂತದ ಚರ್ಚುಗಳಲ್ಲಿ ಇದರ ಇನ್ನೂರಕ್ಕೂ ಹೆಚ್ಚು ಪ್ರತಿಗಳನ್ನು ಕಂಡು, ಅವುಗಳನ್ನು ತೆಗೆಸಿ, ಅವುಗಳ ಸ್ಥಾನದಲ್ಲಿ ನಾಲ್ಕು ಪ್ರತ್ಯೇಕ ಸುವಾರ್ತೆಗಳನ್ನು ಇರಿಸಿದೆನೆಂದು ಬರೆದಿದ್ದಾರೆ. ತಾತಿಯಾನರ ಮೇಲೆ ಅವರು ಹೊರಿಸಿದ ಮುಖ್ಯ ದೋಷ ಏನು ಗೊತ್ತೇ? ವಂಶಾವಳಿಗಳನ್ನು ಕತ್ತರಿಸಿ ಹಾಕಿದರೆಂಬುದು! ಒಂದಕ್ಕೊಂದು ಹೊಂದದ ಎರಡು ಪಟ್ಟಿಗಳ ವಿಷಯದಲ್ಲಿ ತಾತಿಯಾನರಿಗೆ ಕತ್ತರಿಯೇ ಸುಲಭದ ದಾರಿಯಾಗಿ ಕಂಡಿರಬೇಕು.

ಚರ್ಚು ಈ ಸುಲಭದ ದಾರಿಯನ್ನು ಹಿಡಿಯಲಿಲ್ಲ ಎಂಬುದು ಗಮನಾರ್ಹ. ನಾಲ್ಕನ್ನು ಒಂದಾಗಿಸಿ ಉಳಿದುದನ್ನು ಬದಿಗಿರಿಸುವ ಅವಕಾಶ ಅದರ ಮುಂದಿತ್ತು. ಭಿನ್ನತೆಗಳು ಕಣ್ಣಿಗೆ ಹೊಡೆಯುತ್ತಿದ್ದರೂ ನಾಲ್ಕನ್ನೂ ಉಳಿಸಿಕೊಂಡಿತು. ಕ್ರೈಸ್ತ ಧರ್ಮಗುರುಗಳು ತಮಗೆ ತೊಡಕಾದುದನ್ನೆಲ್ಲ ಅಳಿಸಿಬಿಟ್ಟರೆಂದು ಸಾರಾಸಗಟಾಗಿ ಹೇಳುವವರು ಈ ಸಂಗತಿಯ ಮುಂದೆ ಸ್ವಲ್ಪ ನಿಲ್ಲಬೇಕಾಗುತ್ತದೆ. ಅಳಿಸುವ ಕೈ ಇಷ್ಟು ಸ್ಪಷ್ಟವಾದ ಎರಡು ಪಟ್ಟಿಗಳನ್ನು ಎದುರುಬದುರಾಗಿ ಉಳಿಸುತ್ತಿರಲಿಲ್ಲ.

ಉಳಿಸಿಕೊಂಡ ಮೇಲೆ ವಿವರಿಸಬೇಕಾಯಿತು. ಮೂರನೆಯ ಶತಮಾನದ ಆರಂಭದಲ್ಲಿ ಜೂಲಿಯಸ್ ಆಫ್ರಿಕಾನಸ್ ಎಂಬವರು ಅರಿಸ್ಟೈಡಿಸ್ ಎಂಬ ಸ್ನೇಹಿತರಿಗೆ ಬರೆದ ಪತ್ರ ಈ ವಿಷಯದಲ್ಲಿ ನಮಗೆ ದೊರೆತಿರುವ ಮೊದಲ ವಿಸ್ತಾರವಾದ ಉತ್ತರ. ಈತ ಸಾಮಾನ್ಯರಲ್ಲ. ದಾನಿಯೇಲನ ಪುಸ್ತಕಕ್ಕೆ ಸೇರಿಕೊಂಡಿದ್ದ ಸುಸನ್ನಳ ಕಥೆಯಲ್ಲಿ ಬರುವ ಪದಗಳ ಚಮತ್ಕಾರ ಗ್ರೀಕಿನಲ್ಲಿ ಮಾತ್ರ ಸಾಧ್ಯ, ಆದ್ದರಿಂದ ಅದು ಹೀಬ್ರೂ ಮೂಲದ್ದಾಗಿರಲಾರದು ಎಂದು ಆ ಕಾಲದ ಮಹಾವಿದ್ವಾಂಸ ಓರಿಜೆನರಿಗೇ ಪತ್ರ ಬರೆದವರು. ವಂಶಾವಳಿಯ ಬಗ್ಗೆ ಅವರ ಕಾಲದಲ್ಲಿ ಒಂದು ಜಾಣ ಉತ್ತರ ಚಲಾವಣೆಯಲ್ಲಿತ್ತು. ಯೇಸು ಅರಸನೂ ಹೌದು, ಯಾಜಕನೂ ಹೌದು ಎಂದು ತೋರಿಸಲು ಸುವಾರ್ತಿಕರು ಬೇಕೆಂದೇ ಹೆಸರುಗಳನ್ನು ಹಾಗೆ ಜೋಡಿಸಿದರೆಂಬುದೇ ಆ ಉತ್ತರ. ಆಫ್ರಿಕಾನಸ್ ಇದನ್ನು ಕಟುವಾಗಿ ತಿರಸ್ಕರಿಸಿದರು. ಕ್ರಿಸ್ತನ ಮಹಿಮೆಗಾಗಿ ಸುಳ್ಳನ್ನು ಕಟ್ಟುವ ಅಭಿಪ್ರಾಯ ಚರ್ಚಿನಲ್ಲಿ ಎಂದೂ ಗೆಲ್ಲದಿರಲಿ ಎಂಬುದು ಅವರ ಮಾತಿನ ತಾತ್ಪರ್ಯ. ಧರ್ಮದ ಮೇಲಿನ ಪ್ರೀತಿಯಿಂದ ಹದೀಸ್‌ಗಳನ್ನು ಸೃಷ್ಟಿಸಿದವರನ್ನು ನಮ್ಮ ಮುಹದ್ದಿಸರು ಹೇಗೆ ಹೊರಹಾಕಿದರೆಂಬುದನ್ನು ಬಲ್ಲವರಿಗೆ ಈ ಮನೋಧರ್ಮ ಅಪರಿಚಿತವೆನಿಸದು.

ಆಫ್ರಿಕಾನಸರು ಕೊಟ್ಟ ಉತ್ತರ ತೌರಾತಿನ ಒಂದು ಕಾನೂನಿನ ಮೇಲೆ ನಿಂತಿದೆ. ಧರ್ಮೋಪದೇಶಕಾಂಡದ 25ನೇ ಅಧ್ಯಾಯದ ಪ್ರಕಾರ, ಸಹೋದರನೊಬ್ಬ ಮಕ್ಕಳಿಲ್ಲದೆ ಸತ್ತರೆ ಅವನ ವಿಧವೆಯನ್ನು ಇನ್ನೊಬ್ಬ ಸಹೋದರ ವಿವಾಹವಾಗಬೇಕು. ಹುಟ್ಟುವ ಮೊದಲ ಮಗ ಸತ್ತವನ ಹೆಸರಿಗೆ ಸೇರಬೇಕು. ಇದನ್ನು ಮೈದುನಧರ್ಮ ಎನ್ನುತ್ತಾರೆ. ಅವರು ಹೇಳುವ ಕಥೆ ಹೀಗಿದೆ: ಸೊಲೊಮೋನನ ಸಾಲಿನ ಮತ್ತಾನನು ಎಸ್ಥಾ ಎಂಬ ಸ್ತ್ರೀಯನ್ನು ವಿವಾಹವಾಗಿ ಯಾಕೋಬನನ್ನು ಪಡೆದನು. ಮತ್ತಾನನು ತೀರಿಕೊಂಡ ಮೇಲೆ ನಾತಾನನ ಸಾಲಿನ ಮೆಲ್ಕಿಯು ಅದೇ ಎಸ್ಥಾಳನ್ನು ವಿವಾಹವಾಗಿ ಹೇಲಿಯನ್ನು ಪಡೆದನು. ಹೀಗೆ ಯಾಕೋಬ ಮತ್ತು ಹೇಲಿ ಒಂದೇ ತಾಯಿಯ, ಬೇರೆ ಬೇರೆ ತಂದೆಯರ ಮಕ್ಕಳು. ಹೇಲಿ ಸಂತಾನವಿಲ್ಲದೆ ಸತ್ತಾಗ ಯಾಕೋಬನು ಅವನ ವಿಧವೆಯನ್ನು ವಿವಾಹವಾದನು, ಯೋಸೇಫರು ಹುಟ್ಟಿದರು. ರಕ್ತದಿಂದ ಯಾಕೋಬನ ಮಗ, ಕಾನೂನಿನಿಂದ ಹೇಲಿಯ ಮಗ. ಇಬ್ಬರು ಸುವಾರ್ತಿಕರೂ ಸತ್ಯವನ್ನೇ ಹೇಳಿದರು!

ಈ ವೃತ್ತಾಂತ ನಜರೇತ್ ಮತ್ತು ಕೊಖಾಬಾ ಎಂಬ ಹಳ್ಳಿಗಳಿಂದ ಬಂದ ಯೇಸುವಿನ ಬಂಧುಗಳಿಂದ ದೊರೆತದ್ದೆಂದು ಅವರು ಹೇಳುತ್ತಾರೆ. ಜೊತೆಗೆ, ಹೆರೋದ ಅರಸನು ತನ್ನ ಹೀನ ಕುಲ ಬಯಲಾಗದಿರಲೆಂದು ಯಹೂದಿಗಳ ವಂಶಾವಳಿಯ ದಾಖಲೆಗಳನ್ನು ಸುಡಿಸಿದನೆಂದೂ ಹೇಳುತ್ತಾರೆ. ಬಳಿಕ ಅವರು ಮಾಡುವ ಒಪ್ಪಿಗೆಯನ್ನು ನಾವು ವಿಶೇಷವಾಗಿ ಗೌರವಿಸುತ್ತೇವೆ: ಇದಕ್ಕೆ ಸಾಕ್ಷ್ಯವಿಲ್ಲ, ಆದರೆ ಇದಕ್ಕಿಂತ ಉತ್ತಮವಾದ ವಿವರಣೆ ನಮ್ಮ ಬಳಿ ಇಲ್ಲ. ಈ ಪತ್ರವನ್ನು ಚರ್ಚಿನ ಚರಿತ್ರೆಕಾರ ಯೂಸೇಬಿಯಸ್ ತಮ್ಮ ಗ್ರಂಥದ ಮೊದಲ ಭಾಗದಲ್ಲಿ ಸೇರಿಸಿದ್ದರಿಂದ ಅದು ಶತಮಾನಗಳ ಕಾಲ ಚರ್ಚಿನ ಅಧಿಕೃತ ಉತ್ತರವೆಂಬಂತೆ ಬಳಕೆಯಾಯಿತು. ವಿವರಣೆಯಲ್ಲಿ ಸಂದುಗಳಿಲ್ಲವೆಂದಲ್ಲ. ಇಂದಿನ ಲೂಕನ ಪಾಠದಲ್ಲಿ ಹೇಲಿ ಮತ್ತು ಮೆಲ್ಕಿಯ ನಡುವೆ ಮತ್ತಾತ, ಲೇವಿ ಎಂಬ ಇನ್ನೆರಡು ಹೆಸರುಗಳಿವೆ. ಆಫ್ರಿಕಾನಸರ ಲೆಕ್ಕದಲ್ಲಿ ಅವು ಇಲ್ಲ. ಶೆಯಲ್ತಿಯೇಲನ ಇಬ್ಬರು ತಂದೆಯರಿಗಾಗಿ ಇನ್ನೊಂದು ಮೈದುನಧರ್ಮವನ್ನು ಊಹಿಸಬೇಕಾಗುತ್ತದೆ. ಒಂದು ಕೀಲಿಯಿಂದ ಒಂದು ಬೀಗ ತೆರೆಯಿತು, ಪಕ್ಕದ ಬೀಗ ಹಾಗೆಯೇ ಉಳಿಯಿತು.

ನಾಲ್ಕನೆಯ ಶತಮಾನಕ್ಕೆ ಬಂದರೆ ಪ್ರಶ್ನೆ ಆಯುಧವಾಗಿ ಬದಲಾಗಿರುವುದು ಕಾಣುತ್ತದೆ. ಕ್ರೈಸ್ತನಾಗಿ ಬೆಳೆದು ಆ ಧರ್ಮವನ್ನು ತೊರೆದು, 361ರಿಂದ 363ರವರೆಗೆ ರೋಮನ್ನು ಆಳಿದ ಚಕ್ರವರ್ತಿ ಜೂಲಿಯನ್, ಕ್ರೈಸ್ತರ ವಿರುದ್ಧ ಬರೆದ ಕೃತಿಯಲ್ಲಿ ಯಾಕೋಬ ಮತ್ತು ಹೇಲಿಯ ಪ್ರಶ್ನೆಯನ್ನು ಎತ್ತಿದನು. ಜೆರೋಮ್ ತಮ್ಮ ಮತ್ತಾಯನ ವ್ಯಾಖ್ಯಾನದಲ್ಲಿ ಇದನ್ನು ಉಲ್ಲೇಖಿಸಿ ಉತ್ತರಿಸಿದ್ದಾರೆ. ಉತ್ತರ ಆಫ್ರಿಕದಲ್ಲಿ ಮಾನಿ ಪಂಥದ ಬೋಧಕ ಫೌಸ್ಟಸ್, ಎರಡು ವಂಶಾವಳಿಗಳು ಹೊಂದದ ಕಾರಣ ತಾನು ಅವೆರಡನ್ನೂ ಬಿಟ್ಟು ವಂಶಾವಳಿಯೇ ಇಲ್ಲದ ಮಾರ್ಕ ಮತ್ತು ಯೋಹಾನರ ಕಡೆ ಹೋದೆನೆಂದು ಹೇಳಿಕೊಂಡನು. ಅವನಿಗೆ ದೀರ್ಘವಾದ ಉತ್ತರ ಬರೆದವರು ಆಗಸ್ಟೀನ್. ಇಂದಿನ ಅಲ್ಜೀರಿಯಾದ ಅನ್ನಾಬಾ ನಗರವಿರುವ ಸ್ಥಳದಲ್ಲಿದ್ದ ಹಿಪ್ಪೋದ ಬಿಷಪ್. ಸ್ವತಃ ಒಂಬತ್ತು ವರ್ಷ ಮಾನಿ ಪಂಥದಲ್ಲಿದ್ದವರು. ಯೌವನದಲ್ಲಿ ಭಕ್ತಿಯ ಹುಡುಕಾಟಕ್ಕಿಂತ ವಾದದ ಚಾತುರ್ಯವನ್ನೇ ಹೊತ್ತು ಧರ್ಮಗ್ರಂಥದ ಬಳಿ ಹೋಗಿ ತಾನು ಎಡವಿದೆನೆಂದು, ಈ ವಂಶಾವಳಿಗಳ ಬಗ್ಗೆಯೇ ಮಾಡಿದ ಒಂದು ಪ್ರವಚನದಲ್ಲಿ ಅವರು ಜನರ ಮುಂದೆ ಒಪ್ಪಿಕೊಂಡಿದ್ದಾರೆ.

ಸುಮಾರು 400ರಲ್ಲಿ ಆಗಸ್ಟೀನರು ಸುವಾರ್ತಿಕರ ಹೊಂದಾಣಿಕೆಯ ಕುರಿತೇ ಒಂದು ಪೂರ್ಣ ಗ್ರಂಥ ಬರೆದರು. ಅವರ ಉತ್ತರ ದತ್ತುಸ್ವೀಕಾರ. ಯೋಸೇಫರಿಗೆ ಹೆತ್ತ ತಂದೆ ಒಬ್ಬ, ದತ್ತು ತಂದೆ ಇನ್ನೊಬ್ಬ. ಬಾಳಿನ ಕೊನೆಯಲ್ಲಿ ತಮ್ಮ ಬರಹಗಳನ್ನೆಲ್ಲ ಮರುಪರಿಶೀಲಿಸಿದಾಗ, ಮೈದುನಧರ್ಮದ ಬಗೆಯ ದತ್ತುವನ್ನೂ ಅಲ್ಲಿ ಹೇಳಬೇಕಿತ್ತೆಂದು ತಿದ್ದಿಕೊಂಡರು. ಜೆರೋಮರಿಗೆ ಬರೆದ ಒಂದು ಪತ್ರದಲ್ಲಿ ತಮ್ಮ ನಿಯಮವನ್ನೂ ತಿಳಿಸಿದ್ದಾರೆ. ಧರ್ಮಗ್ರಂಥದಲ್ಲಿ ಸತ್ಯಕ್ಕೆ ವಿರುದ್ಧವಾದುದು ಕಂಡರೆ ಒಂದೋ ಪ್ರತಿಯಲ್ಲಿ ತಪ್ಪಿದೆ, ಇಲ್ಲವೇ ಅನುವಾದಕ ಎಡವಿದ್ದಾನೆ, ಇಲ್ಲವೇ ನನಗೆ ಅರ್ಥವಾಗಿಲ್ಲ ಎಂದು ತಿಳಿಯುತ್ತೇನೆ ಎಂಬುದು ಅದರ ಸಾರ.

ದತ್ತುವಿನ ಉತ್ತರ ಕೇಳಿ ನಮ್ಮಲ್ಲಿ ಕೆಲವರು ನಗಬಹುದು. ಏಕೆಂದರೆ ಇಸ್ಲಾಮಿನಲ್ಲಿ ದತ್ತು ಪಡೆದವನು ಮಗನಾಗುವುದಿಲ್ಲ. ಅವರನ್ನು ಅವರ ತಂದೆಯರ ಹೆಸರಿನಿಂದಲೇ ಕರೆಯಬೇಕೆಂದು ಸೂರಃ ಅಲ್‌ಅಹ್‌ಝಾಬ್ ಆಜ್ಞಾಪಿಸುತ್ತದೆ. ಆದರೆ ಆ ಆಜ್ಞೆ ಬರುವ ಮುನ್ನ ಏನಿತ್ತು? ಹಾರಿಸರ ಮಗ ಝೈದ್(ರ)ರನ್ನು ಮದೀನದಲ್ಲಿ ಎಲ್ಲರೂ ಝೈದ್ ಬಿನ್ ಮುಹಮ್ಮದ್ ಎಂದೇ ಕರೆಯುತ್ತಿದ್ದರೆಂದು ಅಬ್ದುಲ್ಲಾ ಬಿನ್ ಉಮರ್(ರ) ವರದಿ ಮಾಡಿದ್ದನ್ನು ಬುಖಾರಿಯಲ್ಲಿ ಓದುತ್ತೇವೆ. ಆ ದಿನಗಳಲ್ಲಿ ಇಬ್ಬರು ಅವರ ಹೆಸರನ್ನು ಬರೆದುಕೊಂಡಿದ್ದರೆ, ಒಬ್ಬನ ಹಾಳೆಯಲ್ಲಿ ತಂದೆ ಹಾರಿಸ, ಇನ್ನೊಬ್ಬನ ಹಾಳೆಯಲ್ಲಿ ತಂದೆ ಬೇರೆ. ಇಬ್ಬರನ್ನೂ ಸುಳ್ಳುಗಾರರೆನ್ನಲಾಗದು. ಯೋಸೇಫರ ವಿಷಯದಲ್ಲಿ ನಿಜವಾಗಿ ಹಾಗೆಯೇ ನಡೆಯಿತೆಂದು ಇದರಿಂದ ಸಿದ್ಧವಾಗುವುದಿಲ್ಲ. ಹಾಗೆ ನಡೆಯುವುದು ಅಸಾಧ್ಯವಲ್ಲವೆಂದು ಮಾತ್ರ ತಿಳಿಯುತ್ತದೆ.

ಲೂಕನ ವಂಶಾವಳಿ ಯೋಸೇಫರದಲ್ಲ, ಮರ್ಯಮರದು ಎಂಬ ಮೂರನೆಯ ಉತ್ತರ ಇಂದು ಕ್ರೈಸ್ತರ ಬಾಯಲ್ಲಿ ಹೆಚ್ಚು ಕೇಳಿಬರುತ್ತದೆ. ಇದನ್ನು ಹೆಸರುವಾಸಿಯಾಗಿಸಿದವನು 15ನೇ ಶತಮಾನದ ಇಟಲಿಯ ಅನ್ನಿಯುಸ್. ಹಳೆಯ ಗ್ರಂಥಗಳನ್ನು ತಾನೇ ಸೃಷ್ಟಿಸಿ ಪ್ರಾಚೀನರ ಹೆಸರಿನಲ್ಲಿ ಪ್ರಕಟಿಸಿದನೆಂದು ಕುಖ್ಯಾತನಾದವನು. ಆದರೂ ಮರ್ಯಮರನ್ನು ನಾತಾನನ ಸಾಲಿಗೆ ಸೇರಿಸುವ ಪ್ರಯತ್ನ ಅವನಿಗಿಂತ ಎಷ್ಟೋ ಹಿಂದೆ, ಎಂಟನೆಯ ಶತಮಾನದ ದಮಾಸ್ಕಸಿನ ಯೋಹಾನರಲ್ಲಿಯೇ ಇದೆ. ಅವರ ಮನೆತನ ಉಮಯ್ಯಾ ಖಲೀಫರ ಆಡಳಿತದಲ್ಲಿ ಸೇವೆ ಸಲ್ಲಿಸಿದ್ದು. ಲೂಕನ ಸಾಲಿನಲ್ಲಿ ಮರ್ಯಮರ ಹೆಸರಿಲ್ಲ ಎಂಬುದು ಈ ಉತ್ತರಕ್ಕಿರುವ ದೊಡ್ಡ ತೊಡಕು. ಜನರು ಭಾವಿಸಿದ ಪ್ರಕಾರ ಯೋಸೇಫರ ಮಗ ಎಂಬರ್ಥದ ಮಾತೊಂದನ್ನು ಮಾತ್ರ ಲೂಕನು ಸೇರಿಸಿದ್ದಾನೆ. ಕನ್ಯೆಯಿಂದ ಜನಿಸಿದವರಿಗೆ ಯೋಸೇಫರ ಮೂಲಕ ವಂಶಾವಳಿ ಏಕೆ ಎಂಬ, ನಮಗೂ ಸಹಜವಾಗಿ ಬರುವ ಪ್ರಶ್ನೆಗೆ ಅವನು ಬಿಟ್ಟಿರುವ ಸುಳಿವು ಅಷ್ಟೇ.

ಮುಸ್ಲಿಮ್ ವಿದ್ವಾಂಸರು ಈ ಚರ್ಚೆಗೆ ಬಂದುದು ಎರಡು ಭಿನ್ನ ಮನೋಭಾವಗಳಿಂದ. ಸುಮಾರು 1000ದಲ್ಲಿ ಅಲ್‌ಬಿರೂನಿ, ಮುಂದೆ ನಮ್ಮ ದೇಶದ ಬಗ್ಗೆ ಮಹಾಗ್ರಂಥ ಬರೆಯಲಿದ್ದ ಅದೇ ಬಿರೂನಿ, ಜನಾಂಗಗಳ ಕಾಲಗಣನೆಯ ಕುರಿತಾದ ಅಲ್‌ಆಸಾರುಲ್ ಬಾಖಿಯಾ ಕೃತಿಯಲ್ಲಿ ಈ ಎರಡು ವಂಶಾವಳಿಗಳ ಭಿನ್ನತೆಯನ್ನು ತಿಳಿಸಿದರು. ತಿಳಿಸಿ ಅಷ್ಟಕ್ಕೇ ನಿಲ್ಲಲಿಲ್ಲ. ಕ್ರೈಸ್ತರು ತೌರಾತಿನ ಮೈದುನಧರ್ಮದ ಕಾನೂನನ್ನು ಮುಂದಿಟ್ಟು ಕೊಡುವ ಉತ್ತರವನ್ನೂ ಪೂರ್ಣವಾಗಿ ಬರೆದರು. ಆಫ್ರಿಕಾನಸರ ವಿವರಣೆ ಎಂಟು ಶತಮಾನಗಳನ್ನು ದಾಟಿ ಒಬ್ಬ ಮುಸ್ಲಿಮ್ ವಿಜ್ಞಾನಿಯ ಲೇಖನಿಯಿಂದ ಅರಬಿಯಲ್ಲಿ ಮೂಡಿತು. ಎದುರಾಳಿಯ ಪ್ರಶ್ನೆಯ ಜೊತೆಗೆ ಅವನ ಉತ್ತರವನ್ನೂ ಓದುಗನ ಮುಂದಿಡುವುದು ಬಿರೂನಿಯವರ ಪದ್ಧತಿ. ಹಿಂದೂಗಳ ಬಗ್ಗೆ ಬರೆಯುವಾಗಲೂ ಅವರು ಇದನ್ನೇ ಪಾಲಿಸಿದರು.

ಕೊರ್ದೊಬಾದ ಇಬ್ನ್ ಹಝ್ಮ್ (994-1064) ಬೇರೆ ಸ್ವಭಾವದವರು. ಅವರ ಅಲ್‌ಫಿಸಲ್ ಎಂಬ ಗ್ರಂಥದಲ್ಲಿ ಮತ್ತಾಯನ ವಂಶಾವಳಿಯನ್ನು ಹಳೆಯ ಒಡಂಬಡಿಕೆಯ ಪುಸ್ತಕಗಳ ಜೊತೆಗೂ ಲೂಕನ ಜೊತೆಗೂ ಹೋಲಿಸಿ ಒಂದೊಂದೇ ವ್ಯತ್ಯಾಸವನ್ನು ಬೆರಳಿಟ್ಟು ತೋರಿಸುತ್ತಾರೆ. ಅರಬರ ವಂಶಾವಳಿಗಳ ಬಗ್ಗೆಯೇ ಪ್ರತ್ಯೇಕ ಗ್ರಂಥ ಬರೆದ ಪರಿಣತರಿಗೆ ಇಂಥ ವ್ಯತ್ಯಾಸ ತಪ್ಪಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಅವರ ಭಾಷೆ ಖಡ್ಗದಷ್ಟು ಹರಿತ. ಬಿರೂನಿಯವರಂತೆ ಎದುರು ಪಕ್ಷದ ಪರವಾಗಿ ಒಂದು ಸಾಲು ಹೆಚ್ಚು ಬರೆಯುವ ತಾಳ್ಮೆ ಅವರಲ್ಲಿ ಕಾಣುವುದಿಲ್ಲ. ಆದರೂ ಅವರ ವಾದದ ಬಲವಿರುವುದು ವಂಶಾವಳಿಯಲ್ಲಲ್ಲ, ಅದರಾಚೆಯ ಒಂದು ಪ್ರಶ್ನೆಯಲ್ಲಿ: ಈ ಪುಸ್ತಕಗಳು ಈಸಾ(ಅ)ರಿಂದ ಯಾರ ಮೂಲಕ, ಯಾವ ಅಖಂಡ ಸರಪಣಿಯ ಮೂಲಕ ಬಂದಿವೆ? ಇಸ್ನಾದಿನ ಶಿಸ್ತಿನಲ್ಲಿ ಬೆಳೆದ ಮನಸ್ಸು ಕೇಳಬಹುದಾದ ಸಹಜ ಪ್ರಶ್ನೆ ಅದು. ಮೊಬೈಲಿನ ಪಟ್ಟಿಗಳಿಗೆ ಈ ಆಳವಿಲ್ಲ. ಇಬ್ನ್ ಹಝ್ಮರಿಂದ ಅವು ಹರಿತವನ್ನು ಮಾತ್ರ ತೆಗೆದುಕೊಂಡಿವೆ.

ಭಾರತದಲ್ಲಿ ಈ ಚರ್ಚೆ ಅತ್ಯಂತ ಕಾವೇರಿದುದು ಆಗ್ರಾದಲ್ಲಿ. 1854ರ ಏಪ್ರಿಲ್ 10 ಮತ್ತು 11ರಂದು ಜರ್ಮನ್ ಮಿಷನರಿ ಕಾರ್ಲ್ ಗಾಟ್ಲೀಬ್ ಫಾಂಡರ್ ಮತ್ತು ಕೈರಾನಾದ ಮೌಲಾನಾ ರಹ್ಮತುಲ್ಲಾಹ್ ಬಹಿರಂಗ ಸಭೆಯಲ್ಲಿ ಎದುರುಬದುರಾದರು. ಫಾಂಡರ್ ಶಿಕ್ಷಣ ಪಡೆದುದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನಲ್ಲಿ. 1834ರಲ್ಲಿ ಮಂಗಳೂರಿಗೆ ಬಂದು, ಮುಂದೆ ಹೆಂಚು, ಮುದ್ರಣಾಲಯ ಮತ್ತು ಕಿಟ್ಟೆಲರ ನಿಘಂಟಿನಿಂದ ಕನ್ನಡಿಗರ ಮನೆಮಾತಾದದ್ದು ಇದೇ ಸಂಸ್ಥೆ. ಫಾಂಡರ್ ಮಾತ್ರ 1825ರಲ್ಲಿ ಕಾಕಸಸ್ ಪ್ರದೇಶಕ್ಕೆ ಹೋಗಿ ಅಲ್ಲಿ ಮೀಝಾನುಲ್ ಹಕ್ ಎಂಬ ಪುಸ್ತಕವನ್ನು ಬರೆದು, ರಷ್ಯಾದ ಸರಕಾರ ಮಿಷನ್ನನ್ನು ಮುಚ್ಚಿಸಿದ ಮೇಲೆ ಭಾರತಕ್ಕೆ ಬಂದು ಬೇರೊಂದು ಮಿಷನ್ ಸೇರಿದವರು. ಆಗ್ರಾದಲ್ಲಿ ಚರ್ಚೆಗೆ ಗೊತ್ತುಮಾಡಿದ ವಿಷಯಗಳು ಐದು. ನಸ್ಖ್ ಮತ್ತು ತಹ್ರೀಫ್ ಎಂಬ ಮೊದಲ ಎರಡರಲ್ಲೇ ಎರಡು ದಿನ ಮುಗಿದು ಸಭೆ ಮುರಿಯಿತು.

ಮೌಲಾನಾರ ಬೆಂಬಲಕ್ಕೆ ಡಾಕ್ಟರ್ ಮುಹಮ್ಮದ್ ವಝೀರ್ ಖಾನ್ ಇದ್ದರು. ಇಂಗ್ಲಿಷ್ ಬಲ್ಲ ಈ ವೈದ್ಯರು ಯುರೋಪಿನ ಕ್ರೈಸ್ತ ವಿದ್ವಾಂಸರೇ ಬೈಬಲಿನ ಪಾಠಭೇದಗಳ ಬಗ್ಗೆ ಬರೆದ ಪುಸ್ತಕಗಳನ್ನು ಸಂಗ್ರಹಿಸಿದ್ದರು. ಫಾಂಡರ್ ಜರ್ಮನಿಯನ್ನು ಬಿಟ್ಟು ಹೋದ ಮೇಲೆ ಅಲ್ಲಿನ ವಿದ್ಯಾಲಯಗಳಲ್ಲಿ ಸುವಾರ್ತೆಗಳ ವಿಮರ್ಶೆ ಬಿರುಗಾಳಿಯಂತೆ ಬೀಸಿತ್ತು. ಅವರು ಮರೆತ ಗಾಳಿ ಆಗ್ರಾದಲ್ಲಿ ಅವರ ಎದುರಿನಿಂದಲೇ ಬೀಸಿತು. ಕೆಲವು ಕಡೆಗಳಲ್ಲಿ ಪಾಠ ಬದಲಾಗಿದೆಯೆಂದು ಫಾಂಡರ್ ಒಪ್ಪಬೇಕಾಯಿತು. ಅದರಿಂದ ಮೂಲ ಸಿದ್ಧಾಂತಗಳಿಗೆ ಧಕ್ಕೆಯಿಲ್ಲವೆಂದು ಅವರು ವಾದಿಸಿದರೆ, ಒಂದು ಕಡೆ ಬದಲಾದುದಕ್ಕೆ ಬೇರೆ ಕಡೆ ಏನು ಖಾತರಿ ಎಂದು ಮೌಲಾನಾ ಕೇಳಿದರು. 1857ರ ಬಳಿಕ ಮೌಲಾನಾರ ಆಸ್ತಿ ಬ್ರಿಟಿಷರ ಪಾಲಾಯಿತು. ಅವರು ಮಕ್ಕಾಕ್ಕೆ ಹೋಗಿ, 1864ರಲ್ಲಿ ಅರಬಿಯಲ್ಲಿ ಇಝ್ಹಾರುಲ್ ಹಕ್ ಬರೆದರು. ಅಲ್ಲಿ ಸೌಲತಿಯ್ಯಾ ಮದ್ರಸ ಸ್ಥಾಪಿಸಿ 1891ರಲ್ಲಿ ಅಲ್ಲಿಯೇ ನಿಧನರಾದರು. ಮತ್ತಾಯ ಮತ್ತು ಲೂಕರ ವಂಶಾವಳಿಗಳ ಭೇದಗಳು ಆ ಗ್ರಂಥದಲ್ಲಿ ಒಂದೊಂದಾಗಿ ಪಟ್ಟಿಯಾಗಿವೆ. ಇಂದು ಮೊಬೈಲಿನಲ್ಲಿ ಓಡಾಡುವ ಎಷ್ಟೋ ಸಾಲುಗಳ ಅಜ್ಜ ಅದೇ ಪುಸ್ತಕ. ಮೌಲಾನಾ ಅವನ್ನು ಬರೆದುದು ಕ್ರೈಸ್ತರ ವ್ಯಾಖ್ಯಾನಗಳನ್ನು ಓದಿ, ಅವರ ಉತ್ತರಗಳನ್ನು ತೂಗಿನೋಡಿ, ದೇಶಭ್ರಷ್ಟರಾಗಿ. ಫಾರ್ವರ್ಡ್ ಮಾಡುವವರಿಗೆ ಈ ಯಾವ ಕಷ್ಟವೂ ಇಲ್ಲ.

ಆಗ್ರಾದಲ್ಲಿ ಎರಡು ಬೇರೆ ಸಂಗತಿಗಳು ಬೆರೆತುಹೋದವೆಂದು ನಮಗನ್ನಿಸುತ್ತದೆ. ಪ್ರತಿಗಳನ್ನು ನಕಲು ಮಾಡುವಾಗ ಉಂಟಾದ ಪಾಠಭೇದ ಒಂದು. ಇಬ್ಬರು ಲೇಖಕರು ಆರಂಭದಿಂದಲೇ ಬೇರೆ ಬೇರೆಯಾಗಿ ಬರೆದುದು ಇನ್ನೊಂದು. ವಂಶಾವಳಿ ಎರಡನೆಯ ಬಗೆಯದು. ಅಲ್ಲಿ ಯಾರೂ ಏನನ್ನೂ ತಿದ್ದಿಲ್ಲ. ಅದು ಎತ್ತುವ ಪ್ರಶ್ನೆ, ಸುವಾರ್ತೆ ಎಂದರೇನು ಎಂಬುದು. ಲೂಕನು ತನ್ನ ಮೊದಲ ವಾಕ್ಯಗಳಲ್ಲೇ, ಅನೇಕರು ಈ ವೃತ್ತಾಂತವನ್ನು ಬರೆಯಲು ಕೈಹಾಕಿದ್ದಾರೆ, ತಾನೂ ಎಲ್ಲವನ್ನೂ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಎನ್ನುತ್ತಾನೆ. ಇದು ವಿಚಾರಿಸಿ ಬರೆಯುವ ಮನುಷ್ಯನ ಮಾತು. ಕುರ್‌ಆನನ್ನು ಅಕ್ಷರಶಃ ಅಲ್ಲಾಹನ ವಚನವೆಂದು ನಂಬುವ ನಾವು, ಈಸಾ(ಅ)ರಿಗೆ ಅವತೀರ್ಣವಾದ ಇಂಜೀಲನ್ನೂ ಅದೇ ಸಾಲಿನಲ್ಲಿಟ್ಟು ನೋಡುತ್ತೇವೆ. ಅವರ ಬಗ್ಗೆ ನಾಲ್ವರು ಬರೆದ ವೃತ್ತಾಂತಗಳನ್ನು ಆ ಇಂಜೀಲ್ ಎಂದು ನಾವು ಒಪ್ಪುವುದಿಲ್ಲ. ನಮ್ಮ ಭಿನ್ನಾಭಿಪ್ರಾಯದ ನಿಜವಾದ ಸ್ಥಳ ಇದು. ಯಾಕೋಬನೋ ಹೇಲಿಯೋ ಎಂಬುದು ಇತ್ಯರ್ಥವಾದರೂ ಇದು ಹಾಗೆಯೇ ಉಳಿಯುತ್ತದೆ. ಇಂದಿನ ಅನೇಕ ಕ್ರೈಸ್ತ ವಿದ್ವಾಂಸರು, ಉದಾಹರಣೆಗೆ ಈಸಾ(ಅ)ರ ಜನನವೃತ್ತಾಂತಗಳ ಕುರಿತು 1977ರಲ್ಲಿ ಬೃಹದ್ಗ್ರಂಥ ಬರೆದ ಕ್ಯಾಥೊಲಿಕ್ ಪಾದ್ರಿ ರೇಮಂಡ್ ಬ್ರೌನ್, ಈ ಎರಡು ಪಟ್ಟಿಗಳನ್ನು ಕುಟುಂಬದ ದಾಖಲೆಗಳೆಂದು ಹೊಂದಿಸಲು ಪ್ರಯತ್ನಿಸುವುದನ್ನೇ ಬಿಟ್ಟಿದ್ದಾರೆ. ಅವರ ವಿಶ್ವಾಸ ಅದರಿಂದ ಕುಸಿಯಲಿಲ್ಲ.

ಇನ್ನು ನಮ್ಮ ಗ್ರಂಥಭಂಡಾರದ ಬಾಗಿಲಿಗೆ ಬರೋಣ. ವಂಶದ ಕುರಿತಾದ ಇಂಥದೇ ಪ್ರಶ್ನೆಯನ್ನು ಕ್ರೈಸ್ತರು ನಮ್ಮನ್ನೂ ಕೇಳಿದ್ದಾರೆ. ಅದೂ ಪ್ರವಾದಿ(ಸ)ರ ಕಾಲದಲ್ಲಿಯೇ. ಮುಗೀರಾ ಬಿನ್ ಶುಅಬಾ(ರ) ನಜ್‌ರಾನಿಗೆ ಹೋದಾಗ ಅಲ್ಲಿನವರು ಕೇಳಿದರು: ನೀವು ಮರ್ಯಮರನ್ನು ಹಾರೂನರ ಸಹೋದರಿ ಎಂದು ಓದುತ್ತೀರಿ, ಆದರೆ ಮೂಸಾ ಈಸಾರಿಗಿಂತ ಎಷ್ಟೋ ಕಾಲ ಹಿಂದಿನವರಲ್ಲವೇ? ಮುಗೀರಾರಿಗೆ ಉತ್ತರ ತೋಚಲಿಲ್ಲ. ಮರಳಿ ಬಂದು ಪ್ರವಾದಿ(ಸ)ರನ್ನು ಕೇಳಿದರು. ಆ ಜನರು ತಮ್ಮ ಪ್ರವಾದಿಗಳ ಮತ್ತು ಸಜ್ಜನರ ಹೆಸರುಗಳನ್ನು ಇಟ್ಟುಕೊಳ್ಳುತ್ತಿದ್ದರೆಂದು ಅವರು ತಿಳಿಸಿದರು. ಸಹೀಹ್ ಮುಸ್ಲಿಮಿನಲ್ಲಿರುವ ವರದಿ ಇದು. ನಜ್‌ರಾನಿನವರ ಪ್ರಶ್ನೆಯನ್ನು ಅಲ್ಲಿ ಯಾರೂ ಅವಹೇಳನವೆಂದು ತಿರಸ್ಕರಿಸಲಿಲ್ಲ. ಉತ್ತರವೂ ಆ ಜನರ ಪದ್ಧತಿಯನ್ನು ಅರಿತು ಗ್ರಂಥವನ್ನು ಓದಿರಿ ಎಂಬ ಬಗೆಯದು. ನಮ್ಮ ಗ್ರಂಥಕ್ಕೆ ನಾವು ಕೇಳುವ ಈ ರಿಯಾಯಿತಿಯನ್ನು ಮೈದುನಧರ್ಮದ ವಿವರಣೆಗೆ ಕೊಡಲು ಒಪ್ಪದಿದ್ದರೆ, ನಮ್ಮ ತಕ್ಕಡಿಯ ಬಗ್ಗೆ ಜನರು ಕೇಳಿಯೇ ಕೇಳುತ್ತಾರೆ.

ಇನ್ನೊಂದು ಸಂಗತಿ ನಮ್ಮ ಚರಿತ್ರೆಕಾರರದು, ಕುರ್‌ಆನಿನದಲ್ಲ. ಮರ್ಯಮರ ತಂದೆ ಇಮ್ರಾನ್ ಎಂದಷ್ಟೇ ಕುರ್‌ಆನ್ ತಿಳಿಸುತ್ತದೆ, ವಂಶಾವಳಿಯನ್ನು ಕೊಡುವುದಿಲ್ಲ. ಕೊಡಲು ಹೊರಟವರು ಚರಿತ್ರೆಕಾರರು. ದಮಾಸ್ಕಸಿನ ಇಬ್ನ್ ಕಸೀರ್ (ನಿಧನ 1373) ತಮ್ಮ ಅಲ್‌ಬಿದಾಯ ವನ್ನಿಹಾಯದಲ್ಲಿ ಮರ್ಯಮರ ಕಥೆಯನ್ನು ಆರಂಭಿಸುವಾಗ ಇಮ್ರಾನರ ಎರಡು ವಂಶಾವಳಿಗಳನ್ನು ಒಂದರ ಕೆಳಗೊಂದರಂತೆ ಕೊಡುತ್ತಾರೆ. ಒಂದು ಇಬ್ನ್ ಇಸ್‌ಹಾಕರದು, ಇನ್ನೊಂದು ಇಬ್ನ್ ಅಸಾಕಿರರದು. ಇಮ್ರಾನರ ತಂದೆಯ ಹೆಸರೇ ಎರಡರಲ್ಲಿ ಬೇರೆ. ಇಬ್ನ್ ಅಸಾಕಿರರ ಪಟ್ಟಿಯನ್ನು ಮತ್ತಾಯನ ಪಟ್ಟಿಯ ಪಕ್ಕದಲ್ಲಿಟ್ಟು ಓದಿದರೆ ಹಳೆಯ ಪರಿಚಿತರು ಎದುರಾಗುತ್ತಾರೆ. ಅಲ್ಲಿ ಮಾಸಾನ್, ಇಲ್ಲಿ ಮತ್ತಾನ. ಅಲ್ಲಿ ಅಲ್‌ಆಝರ್, ಇಲ್ಲಿ ಎಲಿಯಾಜರ. ಅಲ್ಲಿ ಅಲ್‌ಯೂದ್, ಇಲ್ಲಿ ಎಲಿಹೂದ. ಮುಂದೆ ಸಾದೂಕ್, ಸದೋಕ. ಮತ್ತಾಯನು ಯೋಸೇಫರಿಗಾಗಿ ಬರೆದ ಸಾಲು ನಮ್ಮ ಗ್ರಂಥದಲ್ಲಿ ಮರ್ಯಮರ ಸಾಲಾಗಿ, ಯಾಕೋಬನಿದ್ದ ಸ್ಥಾನದಲ್ಲಿ ಇಮ್ರಾನರನ್ನು ಹೊತ್ತು ನಿಂತಿದೆ.

ಇಬ್ನ್ ಕಸೀರರು ಎರಡನ್ನೂ ಹೊಂದಿಸಲು ಯಾವ ಉಪಾಯವನ್ನೂ ಹುಡುಕಲಿಲ್ಲ, ಒಂದನ್ನು ಕತ್ತರಿಸಲೂ ಇಲ್ಲ. ಎರಡನೆಯದು ಇಬ್ನ್ ಇಸ್‌ಹಾಕರು ಹೇಳಿದ್ದಕ್ಕಿಂತ ಭಿನ್ನವಾಗಿದೆ, ಆದರೆ ಮರ್ಯಮರು ದಾವೂದ್(ಅ)ರ ಸಂತತಿ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ ಎಂದು ದಾಖಲಿಸಿ, ಮರ್ಯಮರ ತಾಯಿ ಹನ್ನಾರ ಕಥೆಯ ಕಡೆಗೆ ಮುಂದುವರಿದರು.